ಕುಂಕುಮವಿಟ್ಟ ಪೆಟ್ಟಿಗೆ

ಆಣೆಗೆ ಬಲವಿಲ್ಲ ಎಂದು ವಾದಿಸಿ ನಾನು ಮೈಸೂರಿನ ಕಾಲೇಜಿನಲ್ಲಿ ಒಂದು ಬಟ್ಟಲು ಗೆದ್ದಿದ್ದೆ. ಹಿತ್ತಾಳೆಯದು, ಎರಡು ಕಿವಿಯದು. ಊರಿಗೆ ತಂದು ಅಜ್ಜಿಯ ಕೈಗೆ ಕೊಟ್ಟಾಗ ಅವಳು ಅದನ್ನು ತಿರುಗಿಸಿ ನೋಡಿ, ತಳ ಸಣ್ಣದಾಯಿತು, ಸಾರು ಬಿಡಲು ಬರುವುದಿಲ್ಲ ಎಂದು ತೀರ್ಮಾನಿಸಿ, ದೀಪದ ಬತ್ತಿ ಹಾಕಿಡುವುದಕ್ಕೆಂದು ಗೋಡೆಯ ಗೂಡಿನಲ್ಲಿಟ್ಟಳು. ಆ ಚಳಿಗಾಲದಲ್ಲಿ ನಾನು ಮಲಗಿದ್ದ ಚಾಪೆಯಿಂದ ಕಣ್ಣಿಗೆ ನೇರವಾಗಿ ಬೀಳುತ್ತಿದ್ದುದು ಆ ಬಟ್ಟಲು, ಅದರ ಪಕ್ಕದಲ್ಲಿ ಹಗಲೂ ಉರಿಯುತ್ತಿದ್ದ ದೀಪ. ದೀಪ ಆರಿದರೆ ಮೊಮ್ಮಗ ಉಳಿಯುವುದಿಲ್ಲ ಎಂದು ಅಜ್ಜಿ ನಂಬಿದ್ದಳು. ನಾನು ನಂಬಿರಲಿಲ್ಲ. ನಂಬದವನು ದೀಪದ ಮೇಲಿಂದ ಕಣ್ಣು ಯಾಕೆ ಕೀಳುತ್ತಿರಲಿಲ್ಲ ಎಂದು ಎದುರು ಪಕ್ಷದವರು ಕೇಳಬಹುದು. ಕೇಳಲಿ. ನಡೆದದ್ದನ್ನು ಮಾತ್ರ ಹೇಳಬಲ್ಲೆ.

ಮೊದಲು ಆ ಚರ್ಚೆಯ ವಿಷಯ ಹೇಳಬೇಕು. ನಲವತ್ತೇಳರ ಆಗಸ್ಟಿನಲ್ಲಿ ದೇಶ ಬಾವುಟ ಹಾರಿಸಿ ಸಿಹಿ ಹಂಚಿತು, ನಿಜ. ಆದರೆ ಅಂದು ನಾವಾದದ್ದು ಗಣರಾಜ್ಯವಲ್ಲ, ಡೊಮಿನಿಯನ್. ಇದನ್ನು ನಮ್ಮ ಕಡೆಯ ಮಾತಿನಲ್ಲಿ ಹೇಳುವುದು ಸುಲಭ. ಮಗ ಬೇರೆಯಾಗಿದ್ದಾನೆ, ಒಲೆ ಬೇರೆ, ಎತ್ತು ಬೇರೆ, ಯಜಮಾನಿಕೆಯೂ ಅವನದೇ, ಹೊಲ ಮಾತ್ರ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ಕಡಲಾಚೆಯ ದೊರೆ ಎರಡೂವರೆ ವರ್ಷ ಹಾಗೆ ನಮ್ಮ ಮೇಲೆ ಹೆಸರಿಗೆ ಉಳಿದಿದ್ದ. ಅಧಿಕಾರಕ್ಕೆ ಬಂದ ದೊಡ್ಡವರು ಅವನಿಗೂ ಅವನ ವಂಶಕ್ಕೂ ನಿಷ್ಠರಾಗಿರುತ್ತೇವೆ ಎಂದು ಪ್ರಮಾಣ ಮಾಡಿದ್ದರು. ಐವತ್ತರ ಜನವರಿಯಲ್ಲಿ ಸಂವಿಧಾನ ಬಂತು, ದೊರೆಯ ಹೆಸರು ಹೋಯಿತು, ಹೊಸ ಪ್ರಮಾಣವಾಯಿತು. ಹಾಗಾದರೆ ಹಳೆಯದನ್ನು ಏನು ಮಾಡಿದಿರಿ? ನೀವು ಮಾತಿಗೆ ತಪ್ಪಿದವರಲ್ಲವೆ? ಇದು ನಮ್ಮ ಚರಿತ್ರೆಯ ಅಧ್ಯಾಪಕರು ಎತ್ತಿಕೊಟ್ಟ ಪ್ರಶ್ನೆ.

ಅಲ್ಲ ಎಂಬುದು ನನ್ನ ಪಕ್ಷ. ಒತ್ತಾಯದಿಂದ ತೆಗೆದುಕೊಂಡ ಆಣೆ ಆಣೆಯೇ ಅಲ್ಲ ಎಂದೆ. ಮಾತು ಬಾಳುವುದು ಬುದ್ಧಿಯ ಒಪ್ಪಿಗೆಯಿಂದ, ಭಯದಿಂದಲ್ಲ ಎಂದೆ. ಕೊನೆಗೆ ಮೇಜು ಗುದ್ದಿ, ಒಂದು ಬೆಳಗ್ಗೆ ಇಡೀ ದೇಶವೇ ಹಳೆಯ ಆಣೆಯನ್ನು ಮಡಿಚಿಟ್ಟಿತಲ್ಲ, ಯಾರ ಮನೆಯ ದೀಪ ಆರಿತು, ತೋರಿಸಿ ಎಂದು ಸವಾಲು ಹಾಕಿದೆ. ಆಣೆ ಪಡೆದ ದೊರೆಯೂ ಅರಮನೆಯಲ್ಲಿ ಸುಖವಾಗಿದ್ದಾನೆ, ಆಣೆ ಬಿಟ್ಟ ನಾವೂ ಇಲ್ಲಿ ಸುಖವಾಗಿದ್ದೇವೆ. ಚಪ್ಪಾಳೆ ಬಿತ್ತು. ದೀಪದ ಮಾತು ನನಗೆ ಹೊಳೆದದ್ದು ಊರಿನಿಂದ. ಮೈಸೂರಿನ ಹುಡುಗರಿಗೆ ಅದು ಬರೀ ಅಲಂಕಾರ. ನಮ್ಮೂರಿನಲ್ಲಿ ಅದು ಕಾನೂನು.

ನಮ್ಮೂರು ಕಂಪಲಾಪುರದಿಂದ ಒಂದು ಹರದಾರಿ ಒಳಕ್ಕೆ. ಊರ ಗುಡಿಯಲ್ಲಿ ಎರಡು ಬಗೆಯ ಆಣೆ ನಡೆಯುತ್ತಿತ್ತು. ಸಣ್ಣದಕ್ಕೆ ದೀಪ ಮುಟ್ಟುವ ಆಣೆ. ಬದುವಿನ ಜಗಳ, ಮಾನದ ಜಗಳದಂಥ ದೊಡ್ಡದಕ್ಕೆ ದೀಪ ಆರಿಸುವ ಆಣೆ: ನಾನಾಡುವುದು ಸುಳ್ಳಾದರೆ ನನ್ನ ಮನೆಯ ದೀಪ ಹೀಗೇ ಆರಲಿ ಎಂದು ದೇವರ ಮುಂದಿನ ದೀಪವನ್ನು ಬಾಯಿಂದ ಊದಿ ಆರಿಸುವುದು. ಮನೆಯ ದೀಪವೆಂದರೆ ವಂಶದ ಕುಡಿ. ಯಾರೋ ಒಬ್ಬ ಬದುಗಲ್ಲು ಸರಿಸಿ, ಸರಿಸಿಲ್ಲವೆಂದು ದೀಪ ಆರಿಸಿದ್ದನಂತೆ. ಆ ವರ್ಷದ ಮಳೆಗೆ ಅವನ ಮಗ ಹಳ್ಳದಲ್ಲಿ ಹೋದನಂತೆ. ಕಾಗೆ ಕೂತಾಗಲೇ ಹಣ್ಣು ಬಿದ್ದರೆ ಕಾಗೆಯ ಭಾರಕ್ಕೆ ಬಿತ್ತು ಎನ್ನುತ್ತೀರಲ್ಲ ಎಂದು ನಾನು ಹೈಸ್ಕೂಲಿನಿಂದಲೂ ಜಗಳವಾಡುತ್ತಿದ್ದೆ. ಹಳ್ಳದಲ್ಲಿ ಪ್ರತಿ ಮಳೆಗೂ ಯಾರಾದರೂ ಹೋಗುತ್ತಿದ್ದರು, ಅವರ ಅಪ್ಪಂದಿರೆಲ್ಲ ಕಲ್ಲು ಸರಿಸಿದ್ದರೆ? ಇದಕ್ಕೆ ಊರಿನವರು, ಸರಿಸಿದ್ರೇನೋ ಯಾರಿಗೊತ್ತು ಎನ್ನುತ್ತಿದ್ದರು. ಅಂಥವರ ಜೊತೆ ವಾದ ಹೇಗೆ ಮಾಡುತ್ತೀರಿ?

ಗಣರಾಜ್ಯದ ಮೊದಲ ಚುನಾವಣೆ ನಮ್ಮ ಕಡೆ ಬಂದದ್ದು ರಾಗಿ ಕೊಯ್ದು ಮೆದೆ ಒಟ್ಟಿದ ಮೇಲೆ. ನಾನು ರಜೆಗೆ ಬಂದಿದ್ದೆ. ಗೌಡರು ಊರಿನವರನ್ನೆಲ್ಲ ಗುಡಿಗೆ ಕರೆಸಿದರು. ಚುನಾವಣೆಗೆ ನಿಂತಿದ್ದ ಇಬ್ಬರಲ್ಲಿ ಒಬ್ಬರು ಅವರಿಗೆ ನೆಂಟರು, ಗುರುತು ತಕ್ಕಡಿ. ಇನ್ನೊಬ್ಬರ ಗುರುತು ಏಣಿ. ಊರೆಲ್ಲ ತಕ್ಕಡಿಗೇ ಹಾಕಬೇಕು, ಮನೆಗೊಬ್ಬರು ಬಂದು ದೀಪ ಮುಟ್ಟಿ ಹೇಳಿ ಎಂದರು. ನಾನು ಕಂಬಕ್ಕೆ ಒರಗಿ ನಿಂತಿದ್ದವನು, ಮತ ಗುಟ್ಟಿನದು, ಅದಕ್ಕೆ ಆಣೆ ಹಾಕಿಸುವುದು ಕಾನೂನಿಗೆ ವಿರುದ್ಧ, ಈಗ ಗೌಡರಿಗೂ ಒಂದೇ ವೋಟು ತೋಟಿಗೂ ಒಂದೇ ವೋಟು ಎಂದೆ. ಯಾರೂ ತಿರುಗಿ ನೋಡಲಿಲ್ಲ. ಗೌಡರು ಮಾತ್ರ ನಕ್ಕರು.

“ಓದಿರೋ ಐಕ್ಳು ಅಂಗೇ ಮಾತಾಡ್ಬೇಕು ಬುಡ್ರಲಾ” ಎಂದರು. “ಎಲ್ರಿಗೂ ಒಂದೊಂದು ವೋಟು, ನಿಜ ಕಣಪ್ಪಾ. ನಿಂಗೆ ಎಷ್ಟದೆ?”

ನನಗಿನ್ನೂ ವೋಟಿನ ವಯಸ್ಸಾಗಿರಲಿಲ್ಲ. ಊರೆಲ್ಲ ನಕ್ಕಿತು. ನಮ್ಮ ಮನೆಯಿಂದ ಅಜ್ಜಿ ಹೋಗಿ ದೀಪ ಮುಟ್ಟಿದಳು. ಮನೆಯಲ್ಲಿ ಇದ್ದವರೇ ನಾವಿಬ್ಬರು. ನನ್ನ ತಾಯಿ ಹೆರಿಗೆಯಲ್ಲೇ ಹೋಗಿದ್ದಳು. ಅಪ್ಪ ಕೋಟೆ ತಾಲ್ಲೂಕಿನ ಕಾಡಿಗೆ ಮರ ಕಡಿಯುವ ಕೆಲಸಕ್ಕೆ ಹೋಗಿ ಚಳಿಜ್ವರ ತಂದುಕೊಂಡು ತೀರಿಕೊಂಡಿದ್ದ. ನಮ್ಮೂರಿನ ಗಂಡಸರು ಒಂದೋ ಆ ಕಾಡಿಗೆ ಹೋಗುತ್ತಿದ್ದರು, ಇಲ್ಲ ಕೊಡಗಿನ ಕಾಫಿ ತೋಟಕ್ಕೆ. ಎರಡೂ ಕಡೆಯಿಂದ ಅದೇ ಜ್ವರ ಹೊತ್ತು ಬರುತ್ತಿದ್ದರು. ಆದ್ದರಿಂದ ಊರಿನಲ್ಲಿ ವಿಧವೆಯರು ಬಹಳ. ಕುಂಕುಮವಿಲ್ಲದೆ ವಿಭೂತಿ ಮಾತ್ರ ಬಳಿದ ಹಣೆ ಪ್ರತಿ ಬೀದಿಯಲ್ಲೂ ಕಾಣುತ್ತಿತ್ತು.

ವೋಟಿನ ದಿನ ಅಜ್ಜಿ ಒಗೆದ ಸೀರೆ ಉಟ್ಟು ಶಾಲೆಗೆ ಹೋದಳು. ಆಗಿನ ಪದ್ಧತಿ ನಿಮಗೆ ನೆನಪಿರಬಹುದು. ಒಬ್ಬೊಬ್ಬ ಉಮೇದುವಾರರಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರ ಗುರುತು, ಎಲ್ಲವನ್ನೂ ಮರೆಯ ಹಿಂದೆ ಸಾಲಾಗಿ ಇಟ್ಟಿರುತ್ತಿದ್ದರು. ಒಳಗೆ ಒಬ್ಬರೇ ಹೋಗಿ ತಮಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು. ಅಜ್ಜಿ ವಾಪಸು ಬಂದಾಗ ಬಹಳ ಹಗುರವಾಗಿದ್ದಳು. ಅಧಿಕಾರಿ ತನಗೆ ಅಮ್ಮಾ ಎಂದು ಕೈ ತೋರಿಸಿ ದಾರಿ ಬಿಟ್ಟದ್ದನ್ನು ಹೇಳಿದಳು. ನಾನು ರೇಗಿಸಲೆಂದು, ಗೌಡರ ತಕ್ಕಡಿಗೆ ನಿನ್ನ ತೂಕವನ್ನೂ ಹಾಕಿ ಬಂದೆಯೋ ಎಂದು ಕೇಳಿದೆ.

“ತಕ್ಕಡಿ ಪಕ್ಕದ್ದಕ್ಕೆ ಹಾಕ್ದೆ ಕಣ” ಎಂದಳು. “ತಕ್ಕಡೀಗೆ ಗೌಡ್ರ ಎಂಡ್ರು ಕುಂಕುಮ ಇಟ್ಟು ಹೂವ ಮಡಗಿದ್ರು. ಒಸಾ ಕೆಲ್ಸ. ನನ್ನಂಥೋಳು ಮುಟ್ಟಿ ಯಾಕೆ ಅಪಸಕುನ ಮಾಡ್ಲಿ? ಪಕ್ಕದ್ದು ಬರೀ ಮೈಲಿತ್ತು, ಅದ್ಕೇ ಹಾಕ್ದೆ. ಎಲ್ಲಾ ಹುಂಡೀನೂ ಒಂದೇ ದೇವ್ರಿಗಲ್ವಾ?”

ಊರಿನ ಮುತ್ತೈದೆಯರಲ್ಲಿ ಮೊದಲನೆಯವಳಾಗಿ ಗೌಡರ ಹೆಂಡತಿ ಎಲ್ಲರಿಗಿಂತ ಮುಂಚೆ ಒಳಗೆ ಹೋಗಿದ್ದಳು. ಹೊಸ ನೇಗಿಲಿಗೆ, ಹೊಸ ಗಾಡಿಗೆ ಮಾಡುವಂತೆ ತಮ್ಮ ಪೆಟ್ಟಿಗೆಗೂ ಪೂಜೆ ಮಾಡಿದ್ದಳು. ಅಧಿಕಾರಿ ಮರೆಯ ಈಚೆಗೆ ಇದ್ದ, ಅವನಿಗೆ ಕಂಡಿರಲಾರದು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ಬಿಟ್ಟಿದ್ದರೆ ಸರಿಹೋಗುತ್ತಿತ್ತು; ವಾದಿಯ ಚಟ, ಬಿಡಿಸಿ ಹೇಳಿದೆ. ಎಲ್ಲ ಪೆಟ್ಟಿಗೆಯೂ ಒಂದೇ ದೇವರಿಗಲ್ಲ, ಬರೀ ಮೈಯ ಪೆಟ್ಟಿಗೆ ಏಣಿಯವರದು, ಗೌಡರ ನೆಂಟರನ್ನು ಸೋಲಿಸಲು ನಿಂತವರದು, ನಿನ್ನ ವೋಟು ಅವರಿಗೆ ಹೋಯಿತು, ಅದು ನಿನ್ನ ಹಕ್ಕು ಎಂದೆ.

ಅಜ್ಜಿ ಹೊಸಿಲ ಮೇಲೆ ಕುಳಿತಳು. ಬಹಳ ಹೊತ್ತು ನನ್ನನ್ನೇ ನೋಡಿದಳು, ನಾನು ಎಲ್ಲಿಗೋ ಹೊರಟು ನಿಂತವನೇನೋ ಎಂಬಂತೆ. ಆಮೇಲೆ ಎದ್ದು ದೀಪಕ್ಕೆ ಎಣ್ಣೆ ಬಿಟ್ಟಳು. ಮಧ್ಯಾಹ್ನ ಇನ್ನೂ ಇಳಿದಿರಲಿಲ್ಲ. ಅಂದಿನಿಂದ ಆ ದೀಪ ಹಗಲೂ ಉರಿಯಿತು.

ಅದಾದ ಕೆಲವು ದಿನಕ್ಕೆ ನನಗೆ ಚಳಿ ಹಿಡಿಯಿತು. ಬೆನ್ನಿನ ಮೂಳೆಯಲ್ಲಿ ಯಾರೋ ತಣ್ಣೀರು ಬಿಟ್ಟಂತೆ ಶುರುವಾಗಿ, ಹಲ್ಲು ಕಟಕಟ ಎಂದು, ಮನೆಯ ಕಂಬಳಿಗಳನ್ನೆಲ್ಲ ಹೊದಿಸಿದರೂ ನಿಲ್ಲದೆ, ಆಮೇಲೆ ಮೈ ಕೆಂಡವಾಗಿ, ಕೊನೆಗೆ ಬೆವರಿಳಿದು ಬಿಟ್ಟಿತು. ಮರುದಿನ ಆರಾಮ, ಅದರ ಮರುದಿನ ಮತ್ತೆ. ನನಗೆ ಇದರ ಹೆಸರು ಗೊತ್ತಿತ್ತು, ಸೊಳ್ಳೆಯಿಂದ ಬರುತ್ತದೆಂಬುದೂ ಗೊತ್ತಿತ್ತು. ಆ ವರ್ಷ ಊರಿನಲ್ಲಿ ಮಲಗಿದ್ದವನು ನಾನೊಬ್ಬನೇ ಅಲ್ಲ. ಆಣೆ ಮುರಿಯದ ಮನೆಗಳಲ್ಲೂ ಜನ ನಡುಗುತ್ತಿದ್ದರು. ಇದನ್ನು ಅಜ್ಜಿಗೆ ಒಂದೊಂದೇ ಮನೆ ಹೆಸರಿಸಿ ಹೇಳಿದೆ. ಅವಳು ತಲೆಯಾಡಿಸಿದಳು, ದೀಪಕ್ಕೆ ಎಣ್ಣೆ ಬಿಟ್ಟಳು.

ಗೌಡರಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಅವರ ಗಾಡಿಯಲ್ಲೇ ನನ್ನನ್ನು ಹುಣಸೂರಿನ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಕಹಿ ಮಾತ್ರೆ ಕೊಟ್ಟು, ಮುಗಿದ ಕೂಡಲೇ ರೋಗಿಯನ್ನೇ ಮತ್ತೆ ಕರೆದುಕೊಂಡು ಬನ್ನಿ, ನಡುವೆ ಬಿಟ್ಟರೆ ತಿರುಗಿ ಬರುತ್ತದೆ, ಹೋದ ಸಲ ಬಿಟ್ಟವರೊಬ್ಬರನ್ನು ಉಳಿಸಿಕೊಳ್ಳಲಾಗಲಿಲ್ಲ ಎಂದರು. ಈ ಮಾತನ್ನು ನನ್ನೆದುರಿಗೇ ಹೇಳಬೇಕಾಗಿರಲಿಲ್ಲ. ನನ್ನ ಅಪ್ಪನೂ ನಡುವೆ ಬಿಟ್ಟವನೇ.

ಅಜ್ಜಿಯ ಹೆದರಿಕೆ ಕಳೆಯಲು ನಾನು ಬಹುಮಾನದ ವಾದವನ್ನೇ ತೆಗೆದೆ. ಡೊಮಿನಿಯನ್, ದೊರೆ, ಹೊಲ, ಅಪ್ಪನ ಹೆಸರು ಎಲ್ಲ ಹೇಳಿದೆ. ದಿಲ್ಲಿಯ ದೊಡ್ಡವರೇ ಆಣೆ ಬಿಟ್ಟರು ಅಜ್ಜಿ, ಒಬ್ಬರಿಗೂ ಏನೂ ಆಗಲಿಲ್ಲ ಎಂದೆ. ಅವಳಿಗೆ ಇದು ಹಿಡಿಸಿತು. ಅಷ್ಟು ದೊಡ್ಡ ಆಣೆಯಾ ಎಂದು ಎರಡು ಸಲ ಕೇಳಿದಳು. ಆ ವಾರ ಅವಳು ಊಟ ಮಾಡಿದಳು, ಬಾವಿಯ ಹತ್ತಿರ ನಾಲ್ಕು ಮಾತಾಡಿ ಬಂದಳು. ನನ್ನ ಜೀವನದಲ್ಲಿ ನಾನು ಗೆದ್ದ ನಿಜವಾದ ವಾದ ಅದೇ ಎಂದುಕೊಂಡೆ.

ಒಂದು ಸಾಯಂಕಾಲ ಶಾಲೆಯ ಮೇಷ್ಟರು ನನ್ನನ್ನು ನೋಡಿ ಹೋಗಲು ಬಂದರು. ಕಂಪಲಾಪುರದಿಂದ ಪೇಪರು ತಂದಿದ್ದರು. ಇಂಗ್ಲೆಂಡಿನ ದೊರೆ ತೀರಿಕೊಂಡನಂತೆ, ರಾತ್ರಿ ಮಲಗಿದವನು ಬೆಳಗ್ಗೆ ಏಳಲಿಲ್ಲವಂತೆ, ಮಗಳು ಪಟ್ಟಕ್ಕೆ ಬರುತ್ತಾಳಂತೆ ಎಂದು ಓದಿ ಹೇಳಿದರು. ನಮಗೇನೂ ಸಂಬಂಧವಿಲ್ಲದ ಸುದ್ದಿ. ಆದರೆ ಒಲೆಯ ಹತ್ತಿರ ಇದ್ದ ಅಜ್ಜಿ ಕೈ ಒರೆಸಿಕೊಂಡು ಈಚೆ ಬಂದಳು.

“ನೀ ಏಳ್ತಿದ್ಯಲ್ಲ, ಅದೇ ದೊರೆಯಾ?”

ಅದೇ ಎಂದೆ. ಅವನಿಗೆ ಮೊದಲಿಂದಲೂ ಕಾಯಿಲೆ, ಶ್ವಾಸಕೋಶದ ಆಪರೇಷನ್ ಆಗಿತ್ತು ಎಂದು ಮೇಷ್ಟರು ಸೇರಿಸಿದರು. ಅಜ್ಜಿಗೆ ಅದು ಕೇಳಿಸಲಿಲ್ಲ.

“ಆಣೆ ಮುರಿದೋರು ಚೆನ್ನಾಗವ್ರೆ. ಆಣೆ ತಕ್ಕೊಂಡೋನು ಓದ್ನಲ್ಲೋ ಮಗಾ” ಎಂದಳು. ಸ್ವಲ್ಪ ಯೋಚಿಸಿ, “ಅಂಗಾರೆ ಆಣೆ ಪೆಟ್ಟು ಎಲ್ ಬೇಕಾರೂ ಬೀಳ್ತದೆ” ಎಂದಳು.

ಇದಕ್ಕೆ ನಾನು ಉತ್ತರ ಕೊಡಬೇಕಾಗಿತ್ತು. ಕಾಗೆ ಇತ್ತು, ಹಣ್ಣು ಇತ್ತು, ಎಲ್ಲ ಇತ್ತು. ಆದರೆ ಅಂದು ನನ್ನ ಚಳಿಯ ದಿನ. ಬೆನ್ನಿನಲ್ಲಿ ತಣ್ಣೀರು ಇಳಿಯಲು ಶುರುವಾಗಿತ್ತು. ಎಲ್ಲಿ ಬೇಕಾದರೂ ಬೀಳುತ್ತದೆ ಎಂಬ ಮಾತು ಕಂಬಳಿಯೊಳಕ್ಕೆ ನನ್ನ ಜೊತೆಗೇ ಬಂತು. ಜ್ವರ ಏರಿದಾಗ ಆ ದೊರೆಯ ಮುಖ ಕಂಡಿತು. ಇನ್ನೂ ಚಲಾವಣೆಯಲ್ಲಿದ್ದ ಹಳೆಯ ಕಾಸಿನ ಮೇಲಿನ ಮುಖ, ಕತ್ತಿನಿಂದ ಕೆಳಗೆ ಏನೂ ಇಲ್ಲ. ನಾನು ನಿನ್ನ ಬಗ್ಗೆ ಸುಖವಾಗಿದ್ದಾನೆ ಎಂದಿದ್ದೆನಲ್ಲ ಎಂದು ಅದರೊಡನೆ ವಾದಿಸಿದೆ. ಅದು ಪಕ್ಕಕ್ಕೆ ನೋಡುತ್ತಿತ್ತು.

ಅಜ್ಜಿ ಆ ಮಾತನ್ನು ಬಾವಿಯ ಹತ್ತಿರವೂ ಹೇಳಿದಳೆಂದು ಕಾಣುತ್ತದೆ. ಆಣೆ ತೆಗೆದುಕೊಂಡ ದೊರೆ ಸತ್ತನಂತೆ ಎಂಬುದು ಊರೆಲ್ಲ ತಿರುಗಿತು.

ಅಷ್ಟರಲ್ಲಿ ಎಣಿಕೆಯಾಯಿತು. ತಕ್ಕಡಿ ಸೋತಿತು. ಸೋತದ್ದು ಇಡೀ ತಾಲ್ಲೂಕಿನಲ್ಲಿ, ನಮ್ಮೂರಿನಿಂದಲ್ಲ. ಆದರೆ ಎಣಿಸುವಲ್ಲಿ ಕೂತು ನೋಡಿ ಬಂದವರು, ನಿಮ್ಮೂರಿನಿಂದ ಬಂದ ಏಣಿಯ ಪೆಟ್ಟಿಗೆ ಬರಿದಾಗಿರಲಿಲ್ಲ, ಚೆನ್ನಾಗೇ ಬಿದ್ದಿದೆ ಎಂದು ಗೌಡರಿಗೆ ಹೇಳಿಬಿಟ್ಟರು. ಗೌಡರು ಎರಡು ದಿನ ಮನೆಯಿಂದ ಈಚೆ ಬರಲಿಲ್ಲವಂತೆ. ಆಮೇಲೆ ಡಂಗುರ ಹಾಕಿಸಿದರು. ಬರುವ ಸೋಮವಾರ ಬೆಳಗ್ಗೆ ಪೂಜೆಯ ಮೇಲೆ ಮನೆಗೊಬ್ಬರು ಗುಡಿಗೆ ಬರಬೇಕು. ನುಡಿಗೆ ತಪ್ಪಿಲ್ಲವೆಂದು ದೀಪ ಆರಿಸಬೇಕು. ಆರಿಸದ ಮನೆಗೆ ಬೆಂಕಿ ನೀರು ಇಲ್ಲ.

ಬೆಂಕಿ ನೀರು ಇಲ್ಲವೆಂದರೆ ಆ ಮನೆಗೆ ಯಾರೂ ಕೆಂಡ ಕೊಡುವಂತಿಲ್ಲ, ಬಾವಿಯಲ್ಲಿ ಸೇದಲು ಬಿಡುವಂತಿಲ್ಲ, ಕರೆದರೆ ಓಗೊಡುವಂತಿಲ್ಲ. ಗಾಡಿ ಕೊಡುವಂತಿಲ್ಲ. ನನ್ನ ಮಾತ್ರೆ ಮುಗಿಯುತ್ತ ಬಂದಿತ್ತು. ಹುಣಸೂರಿಗೆ ನಡೆಯುವ ಶಕ್ತಿ ನನ್ನಲ್ಲಿರಲಿಲ್ಲ; ಊರಿನಲ್ಲಿ ಗಾಡಿಯಿದ್ದದ್ದು ಗೌಡರಿಗೂ ಅವರ ದಾಯಾದಿಗಳಿಗೂ.

ಅಜ್ಜಿ ಇದನ್ನು ನನಗಿಂತ ಬೇಗ ಲೆಕ್ಕ ಹಾಕಿದ್ದಳು. ದೀಪ ಆರಿಸಿದರೆ ಸುಳ್ಳಾಣೆ, ಅದು ಮೊಮ್ಮಗನ ತಲೆಗೆ. ಆರಿಸದಿದ್ದರೆ ಗಾಡಿಯಿಲ್ಲ, ಮಾತ್ರೆಯಿಲ್ಲ, ಅದೂ ಮೊಮ್ಮಗನ ತಲೆಗೆ. ಯಾವ ಕಡೆಯಿಂದ ಬಂದರೂ ದಾರಿ ನನ್ನ ಚಾಪೆಗೇ ಬಂದು ನಿಲ್ಲುತ್ತಿತ್ತು.

ನಾನು ಶನಿವಾರ ಇಡೀ ಬೆಳಗ್ಗೆ ವಾದಿಸಿದೆ. ಆರಿಸಿಬಿಡು ಅಜ್ಜಿ ಎಂದೆ. ಸುಳ್ಳೆಂದರೆ ಮೋಸದ ಉದ್ದೇಶವಿರಬೇಕು, ನಿನಗೆ ಅದಿರಲಿಲ್ಲ. ನೀನು ತಕ್ಕಡಿಗೆ ಒಳ್ಳೆಯದಾಗಲೆಂದೇ ಅದನ್ನು ಮುಟ್ಟಲಿಲ್ಲ. ಹಾಗಾದರೆ ನೀನು ಮಾತು ಉಳಿಸಿಕೊಂಡಂತೆಯೇ. ಅದೂ ಬೇಡ, ದೀಪವೆಂದರೇನು? ಎಣ್ಣೆ, ಬತ್ತಿ, ಗಾಳಿ. ಅದಕ್ಕೆ ನನ್ನ ಹೆಸರು ಗೊತ್ತಿಲ್ಲ. ಅದು ಆರಿದರೆ ಕತ್ತಲಾಗುತ್ತದೆ, ಅಷ್ಟೆ. ಅಜ್ಜಿ ರಾಗಿ ಕೇರುತ್ತ ಎಲ್ಲವನ್ನೂ ಕೇಳಿದಳು. ಮೊರ ಕೆಳಗಿಟ್ಟು, ಕೋಪವಿಲ್ಲದೆ ಹೇಳಿದಳು.

“ಅಂಗಾರೆ ನೀನೇ ಬಂದು ಆರ್ಸು. ಮನೆಗೊಬ್ರು ಅಂದವ್ರೆ, ನಾನೇ ಬರ್ಬೇಕು ಅಂದಿಲ್ಲ.”

ಆರಿಸುತ್ತೇನೆ ಎಂದೆ. ಈಗಲೇ ತೋರಿಸುತ್ತೇನೆ, ನೋಡು ಎಂದು ಗೋಡೆ ಹಿಡಿದು ಎದ್ದೆ. ಅಂದು ಜ್ವರವಿರಲಿಲ್ಲ, ತಲೆ ತಿಳಿಯಾಗಿತ್ತು. ಇದನ್ನು ಮುಖ್ಯವಾಗಿ ಗಮನಿಸಬೇಕು. ಗೂಡಿನ ಮುಂದೆ ನಿಂತೆ. ದೀಪ ಸಣ್ಣದು, ಮಗು ಊದಿದರೂ ಆರುವಂಥದು. ನನ್ನ ಬಟ್ಟಲು ಪಕ್ಕದಲ್ಲೇ ಇತ್ತು, ಅದರ ಹೊಟ್ಟೆಯಲ್ಲಿ ದೀಪದ ಕುಡಿ ಇನ್ನೊಂದು ಸಲ ಕಾಣುತ್ತಿತ್ತು. ಬಾಯಿ ಮುಂದೆ ಮಾಡಿದೆ. ಅಪ್ಪನ ನೆನಪಾಯಿತು. ಡಾಕ್ಟರ ಮಾತು ನೆನಪಾಯಿತು. ಮಲಗಿದವನು ಬೆಳಗ್ಗೆ ಏಳಲಿಲ್ಲವಂತೆ ಎಂಬುದು ನೆನಪಾಯಿತು. ಉಸಿರು ಎದೆಯವರೆಗೆ ಬಂದು ಅಲ್ಲೇ ನಿಂತಿತು. ಉಸಿರು ತಾಗಿ ಅಕಸ್ಮಾತ್ ಆರೀತೆಂದು ಕೊನೆಗೆ ಮುಖ ತಿರುಗಿಸಿ ಉಸಿರು ಬಿಟ್ಟೆ.

ಅಜ್ಜಿ ನಗಲಿಲ್ಲ. ನನ್ನನ್ನು ಹಿಡಿದು ಮಲಗಿಸಿದಳು.

ಸೋಮವಾರ ನಾನೂ ಹೋದೆ. ಬೇಡವೆಂದಳು, ಹೋದೆ. ಕಂಬಳಿ ಹೊದ್ದು ಗುಡಿಯ ಅದೇ ಕಂಬಕ್ಕೆ ಒರಗಿದೆ. ಈ ಸಲ ಒರಗದೆ ನಿಲ್ಲಲು ಆಗುತ್ತಿರಲಿಲ್ಲ. ದೇವರ ಮುಂದೆ ದೊಡ್ಡ ಹಿತ್ತಾಳೆಯ ದೀಪ, ಪಕ್ಕದಲ್ಲಿ ಆರಿಸಿದ ಮೇಲೆ ಮತ್ತೆ ಹಚ್ಚಲು ಪೂಜಾರಿ. ಗೌಡರು ಜಗಲಿಯ ಮೇಲೆ. ಗಂಡಸರು ಮುಂದೆ, ಮುತ್ತೈದೆಯರು ಪಕ್ಕಕ್ಕೆ. ವಿಧವೆಯರು ಯಾವಾಗಲೂ ಕೂರುವ ಹಾಗೆ ಬಾಗಿಲ ಹತ್ತಿರ, ಹೋಗುವ ಬರುವವರ ಕಣ್ಣಿಗೆ ಮೊದಲು ಬೀಳದಂತೆ ಮೂಲೆ ಹಿಡಿದು. ಅವರ ನಡುವೆ ಗೌಡರ ತಾಯಿಯೂ ಇದ್ದಳು. ಅಷ್ಟು ದೊಡ್ಡ ಮನೆಯವಳಾದರೂ ಜಾಗ ಅದೇ.

ಗೌಡರು ಮಾತು ಶುರುಮಾಡುವ ಮೊದಲೇ ಅಜ್ಜಿ ಎದ್ದಳು. ಅವಳು ಏನು ಮಾಡುತ್ತಾಳೆಂದು ನನಗೆ ಹೇಳಿರಲಿಲ್ಲ. ದೀಪದವರೆಗೆ ಹೋದಳು, ಅದರತ್ತ ಬಾಗಲಿಲ್ಲ.

“ನಾನು ಆರ್ಸಾಕಿಲ್ಲ ಗೌಡ್ರೇ. ನನ್ ಚೀಟಿ ತಕ್ಕಡೀಗೆ ಬೀಳ್ನಿಲ್ಲ” ಎಂದಳು. ಕುಂಕುಮ, ಹೂವು, ಬರೀ ಮೈಯ ಪೆಟ್ಟಿಗೆ ಎಲ್ಲವನ್ನೂ ನಿಂತ ನಿಲುವಿನಲ್ಲೇ ಹೇಳಿದಳು. ಕೊನೆಗೆ, “ನನ್ ತಪ್ಪಿಗೆ ನನ್ನ ಏನ್ ಬೇಕಾರೂ ಮಾಡಿ. ಆ ಮಗೀಗೆ ಗಾಡಿ ಒಂದ್ ನಿಲ್ಲಿಸಬ್ಯಾಡಿ” ಎಂದಳು.

ಗೌಡರು ಹೆಂಡತಿಯ ಕಡೆ ನೋಡಿದರು. ಅವಳು ಸೆರಗಿನ ತುದಿ ಬಾಯಿಗಿಟ್ಟುಕೊಂಡಿದ್ದಳು. ಗೌಡರ ಮುಖ ಬಿಗಿಯಿತು. ಬೆರಳೆತ್ತಿ, ನಿಮ್ಮನೆಗೆ ಇವತ್ತಿಂದ ಎಂದು ಶುರುಮಾಡಿದರು. ನಾನು ಕಣ್ಣು ಮುಚ್ಚಿಕೊಂಡೆ. ಎದ್ದು ವಾದಿಸಬೇಕಾದವನು ನಾನು. ಮತ ಗುಟ್ಟಿನದು, ಗಣರಾಜ್ಯದಲ್ಲಿ ಬಹಿಷ್ಕಾರ ಹಾಕಲು ನೀವು ಯಾರು, ಎಲ್ಲ ಬಾಯಿಪಾಠವಾಗಿತ್ತು. ಕಂಬಳಿಯನ್ನು ಇನ್ನಷ್ಟು ಎಳೆದು ಹೊದ್ದುಕೊಂಡೆ.

“ತಡಿ ಮಗಾ” ಎಂದಿತು ಬಾಗಿಲ ಕಡೆಯಿಂದ ಒಂದು ದನಿ. ಗೌಡರ ತಾಯಿ. ಕಣ್ಣು ಬಿಟ್ಟು ನೋಡಿದೆ, ಗೋಡೆ ಹಿಡಿದು ಎದ್ದು ನಿಂತಿದ್ದಳು. “ನಾನೂ ಅಂಗೇ ಮಾಡ್ದೆ ಕಣ.”

ಗೌಡರ ಬೆರಳು ಮೇಲೆಯೇ ನಿಂತಿತು.

“ಸೊಸೆ ಕುಂಕುಮ ಇಟ್ಟಿದ್ದನ್ನ ನಾನ್ಯಾಕೆ ಮುಟ್ಲಿ? ಗೆಲ್ಲೋದು ಬ್ಯಾಡ್ವಾ ನಿಂಗೆ? ಬರೀ ಡಬ್ಬಕ್ಕೆ ಹಾಕ್ದೆ. ಇವ್ರೆಲ್ಲಾ ಏನ್ ಮಾಡಿದ್ರೋ ಕೇಳು” ಎಂದು ಸುತ್ತ ಕುಳಿತವರನ್ನು ತೋರಿಸಿದಳು. ಬಾಗಿಲ ಹತ್ತಿರದ ಆ ವಿಭೂತಿಯ ಹಣೆಗಳು ಒಂದೊಂದಾಗಿ ಕೆಳಕ್ಕೆ ಬಾಗಿದವು.

ಗೌಡರು ಬೆರಳನ್ನು ಇಳಿಸಿದ್ದು ನಾನು ನೋಡಲಿಲ್ಲ. ಮತ್ತೆ ಅವರ ಕಡೆ ತಿರುಗಿದಾಗ ಎರಡು ಕೈಯೂ ತೊಡೆಯ ಮೇಲಿದ್ದವು. ಅವರು ನೋಡುತ್ತಿದ್ದುದು ತಾಯಿಯನ್ನಲ್ಲ, ಗಂಡಸರ ಸಾಲಿನಲ್ಲಿ ನಿಂತಿದ್ದ ತಮ್ಮ ಒಬ್ಬನೇ ಮಗನನ್ನು. ನನ್ನ ಓರಗೆಯವನು, ಗರಡಿಯಲ್ಲಿ ಸಾಮು ಮಾಡಿ ಕಟ್ಟಿದ ಮೈ. ಅವನ ಮನೆಯಿಂದಲೂ ಮುಟ್ಟಿದ ಆಣೆ ತಪ್ಪಿತ್ತು. ಅಜ್ಜಿ ಹೊಸಿಲ ಮೇಲೆ ಕುಳಿತು ನನ್ನನ್ನು ಹೇಗೆ ನೋಡಿದ್ದಳೋ ಹಾಗೆಯೇ ಗೌಡರು ಅವನನ್ನು ನೋಡಿದರು. ಆ ನೋಟ ನನಗೆ ಪರಿಚಿತವಾಗಿತ್ತು.

ಪೂಜಾರಿ, ಈಗ ಯಾರಿಂದ ಶುರು ಎಂದು ಕೇಳಿದ. ಪಾಪ, ಅವನಿಗೆ ಬೇರೇನೂ ತೋಚಿರಲಿಲ್ಲ. ಊರಿನಲ್ಲಿ ಮೊದಲ ವೀಳ್ಯ, ಮೊದಲ ಮಂಗಳಾರತಿ, ಮೊದಲ ಎಲ್ಲವೂ ಗೌಡರ ಮನೆಗೆ. ದೀಪವೂ ಹಾಗೆಯೇ. ಗೌಡರು ಎದ್ದು ದೀಪದ ಹತ್ತಿರ ಬಂದರು. ಬಾಗಿಲಿನಿಂದ ಗಾಳಿ ಬೀಸುತ್ತಿತ್ತು, ಕುಡಿ ಬಾಗಿತು. ಅವರು ಎರಡು ಅಂಗೈ ಅಡ್ಡ ಹಿಡಿದರು.

“ಒಳಕ್ಕೆ ತಕ್ಕೊಂಡೋಗು” ಎಂದರು ಪೂಜಾರಿಗೆ. “ಉಸಾರು. ಗಾಳಿ ಅದೆ.”

ಅಷ್ಟೇ. ತೀರ್ಮಾನವೆಂದು ಏನೂ ಆಗಲಿಲ್ಲ. ಜನ ಮೆಲ್ಲಗೆ ಎದ್ದು ಹೋದರು, ಯಾರೋ ಮಲಗಿರುವ ಮನೆಯಿಂದ ಹೋಗುವಂತೆ.

ಮಾರನೆಯ ದಿನ ಬೆಳಗ್ಗೆ ಗೌಡರ ಗಾಡಿ ನಮ್ಮ ಬಾಗಿಲಿಗೆ ಬಂತು. ಆಳು ಹೊಡೆದುಕೊಂಡು ಬಂದಿರಲಿಲ್ಲ. ಮುಂದೆ ಕೂತಿದ್ದವರು ಗೌಡರೇ. ಒಳಗೆ ಹುಲ್ಲಿನ ಮೇಲೆ, ಕಂಬಳಿ ಸುತ್ತಿಕೊಂಡು ಅವರ ಮಗ ಮಲಗಿದ್ದ. ಅವನಿಗೆ ಚಳಿಯಿರಲಿಲ್ಲ, ಜ್ವರವಿರಲಿಲ್ಲ, ಒಂದು ಕೆಮ್ಮೂ ಇರಲಿಲ್ಲ. ಅಜ್ಜಿ ನನ್ನನ್ನು ಅವನ ಪಕ್ಕಕ್ಕೆ ಹತ್ತಿಸಿದಳು.

“ಏನಾಯ್ತಲಾ ನಿಂಗೆ?” ಎಂದೆ.

“ಏನಾಗದೆ ನಂಗೆ! ಡಾಕ್ಟ್ರಿಗೆ ತೋರಿಸ್ಲೇಬೇಕು ಅಂತ ನಮ್ಮಜ್ಜಿ ಅನ್ನ ಬುಟ್ಟು ಕೂತವ್ಳೆ” ಎಂದು ಅವನು ಪಿಸುಗುಟ್ಟಿದ. “ಮುಸುಕು ತೆಗುದ್ರೆ ಅಪ್ಪ ಬೈತದೆ. ಸೂಜಿ ಚುಚ್ತಾರೇನ್ಲಾ?”

ಕಂಪಲಾಪುರ ದಾಟಿದೆವು. ಎತ್ತಿನ ಗೊರಸಿನ ಸದ್ದು, ಕೀಲಿನ ಸದ್ದು. ಅದು ನನ್ನ ಚಳಿಯ ದಿನ. ಬಿಸಿಲು ಏರುವುದನ್ನೇ ನಾನು ಹೆದರಿಕೊಂಡು ನೋಡುತ್ತಿದ್ದೆ. ಹುಣಸೂರಿನ ದಾರಿಗೆ ತಿರುಗಿದ ಮೇಲೆ ಅವರು ಹಿಂದಕ್ಕೆ ನೋಡದೆ ಕೇಳಿದರು.

“ಆ ದೊರೆ. ಅವನ್ಗೆ ಕಾಯ್ಲೆ ಇತ್ತಂತಾ, ಇಲ್ಲ ಅಂಗೇ ಓದ್ನಾ?”

ಕಾಯಿಲೆಯಿತ್ತು ಎಂದೆ. ಪೇಪರಿನಲ್ಲಿದ್ದದ್ದನ್ನೆಲ್ಲ ಹೇಳಿದೆ. ಆಣೆಗೂ ಅದಕ್ಕೂ ಸಂಬಂಧವಿಲ್ಲ, ಅದು ಕಾಗೆ ಕೂತಾಗ ಹಣ್ಣು ಬಿದ್ದ ಹಾಗೆ ಎಂದು ಶುರುಮಾಡಿದೆ. ಹಲ್ಲು ಕಟಕಟ ಎಂದಿತು, ಮಾತು ನಡುವೆ ತುಂಡಾಯಿತು. ಗೌಡರು ಆಗ ತಿರುಗಿದರು. ಊರಿನವರನ್ನೆಲ್ಲ ಕರೆಸಿ ಆಣೆ ತೆಗೆದುಕೊಂಡವರು ಅವರು. ರಾತ್ರಿ ನಿದ್ದೆ ಮಾಡಿದವರ ಕಣ್ಣಿನಂತೆ ಆ ಕಣ್ಣು ಕಾಣಲಿಲ್ಲ.

“ಕಾಗೆ ಕತೆ ಬುಡು” ಎಂದರು. “ನೀನು ಓದಿದೋನು, ಸರಿಯಾಗಿ ಏಳು. ದೀಪ ಆರಿಸ್ನಿಲ್ಲವಲ್ಲ ನಾವು. ಅಷ್ಟು ಸಾಕಾ?”

ಯಾವುದಕ್ಕೆ ಸಾಕು, ಯಾರು ಹೇಳಿದರು, ಪುರಾವೆಯೇನು? ಮೈಸೂರಿನಲ್ಲಿ ಯಾರಾದರೂ ಹೀಗೆ ಕೇಳಿದ್ದರೆ ನಾನು ಹರಿದು ಹಾಕುತ್ತಿದ್ದೆ. ಪಕ್ಕದಲ್ಲಿ ಮುಸುಕಿನೊಳಗಿದ್ದವನೂ ಉಸಿರು ಬಿಗಿಹಿಡಿದು ಕೇಳುತ್ತಿದ್ದಾನೆಂದು ಅವನ ಹೊಟ್ಟೆಯ ಏರಿಳಿತ ನಿಂತದ್ದರಿಂದ ಗೊತ್ತಾಯಿತು. ಬೆನ್ನಿನಲ್ಲಿ ತಣ್ಣೀರು ಇಳಿಯತೊಡಗಿತ್ತು.

“ಸಾಕು” ಎಂದೆ.

ಗೌಡರು ತಮ್ಮ ಹೆಗಲ ಮೇಲಿದ್ದ ಕಂಬಳಿ ತೆಗೆದು ನನ್ನ ಮೇಲೆ ಹಾಕಿ, ಎತ್ತಿನ ಬಾಲ ತಿರುವಿ ಗಾಡಿಯನ್ನು ಓಡಿಸಿದರು.